ಹೊಟ್ಟೆ ಕೆಟ್ಟು ಮೈ ಬಿಸಿಯಾದರೆ ಯಾವ ಕಷಾಯ? ಮಲೆನಾಡಿನ ಮದ್ದುಗಳ ಹೋಲಿಕೆ

ಮಲೆನಾಡಿನಲ್ಲಿ ಮದ್ದಿಗೇನೂ ಬರ ಇಲ್ಲ. ಹಿತ್ತಲಲ್ಲಿ ದೊಡ್ಡಪತ್ರೆ, ಬೇಲಿಯಲ್ಲಿ ಅಮೃತಬಳ್ಳಿ, ತೋಟದಲ್ಲಿ ಕೊನ್ನಾರಿಗೆಡ್ಡೆ, ಕಾಡಂಚಿನಲ್ಲಿ ಕೊಡಸಿಗೆ. ತೊಂದರೆ ಇರುವುದು ಆರಿಸುವುದರಲ್ಲಿ. ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಸಂಜೆಗೆ ಮೈ ಬಿಸಿಯಾಯಿತು ಅಂದರೆ ಸಾಕು. ಅಜ್ಜಿ ಜೀರಿಗೆ ಕುದಿಸು ಅನ್ನುತ್ತಾರೆ. ಪಕ್ಕದ ಮನೆಯವರು "ಅಮೃತಬಳ್ಳಿ ಕುಡಿದ್ರೆ ಸೈ ಮಾರಾಯ್ರೆ" ಅನ್ನುತ್ತಾರೆ. ಅಂಗಡಿಯವರು ಅರಿಷ್ಟದ ಬಾಟಲಿ ಮುಂದಿಡುತ್ತಾರೆ. ಮೂರನ್ನೂ ಒಂದೇ ದಿನ ಕುಡಿದು ಮುಗಿಸುವ ಧೈರ್ಯವಂತರೂ ಇದ್ದಾರೆ.

ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಒಂದು ಹಸಿವು ಹುಟ್ಟಿಸುತ್ತದೆ, ಒಂದು ಭೇದಿ ಕಟ್ಟುತ್ತದೆ, ಇನ್ನೊಂದು ಉರಿ ತಣಿಸುತ್ತದೆ. ಉರಿಯುವ ಹೊಟ್ಟೆಗೆ ಮೆಣಸಿನ ಕಷಾಯ ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಹಾಗಾಗಿ ಗಿಡದ ಹೆಸರಿಗೆ ಹೋಗುವ ಮೊದಲು ಹೊಟ್ಟೆಯನ್ನು ವಿಚಾರಿಸಿ. ಭಾರವಾಗಿದೆಯಾ, ಉರಿಯುತ್ತಿದೆಯಾ, ಸಡಿಲವಾಗಿದೆಯಾ? ಜ್ವರ ಹೊಟ್ಟೆಯ ಹಿಂದೆ ಬಂತಾ, ಇಲ್ಲಾ ಜ್ವರವೇ ಮೊದಲು ಬಂತಾ?

ಜ್ವರಕ್ಕೂ ಅಜೀರ್ಣಕ್ಕೂ ಒಂದೇ ಪಾತ್ರೆ ಒಲೆ ಏರುವುದಕ್ಕೆ ಹಳೆಯ ಕಾರಣವಿದೆ. ಚರಕ ಸಂಹಿತೆಯ ಪ್ರಕಾರ ಜ್ವರದ ಮೂಲ ಆಮಾಶಯ, ಅಂದರೆ ಹೊಟ್ಟೆ. ಅಲ್ಲಿ ಸೇರಿಕೊಂಡ ದೋಷ ಜಠರದ ಬೆಂಕಿಯನ್ನು ಹೊರಗೆ ತಳ್ಳುತ್ತದೆ. ಒಳಗಿನ ಒಲೆ ಆರುತ್ತದೆ, ಚರ್ಮ ಕಾಯುತ್ತದೆ. ಅದಕ್ಕೇ ಹೊಸ ಜ್ವರಕ್ಕೆ ಮೊದಲ ಚಿಕಿತ್ಸೆ ಲಂಘನ: ಊಟ ಬಿಡುವುದು ಅಥವಾ ತೀರಾ ಹಗುರ ಮಾಡುವುದು. ಜೊತೆಗೆ ಬಿಸಿನೀರು, ಆಮೇಲೆ ಗಂಜಿ. ಇವತ್ತಿನ ವೈದ್ಯರು ಜ್ವರಕ್ಕೆ ವೈರಸ್ಸೋ ಬ್ಯಾಕ್ಟೀರಿಯಾವೋ ಅಂತ ಹುಡುಕುತ್ತಾರೆ, ಈ ವಿವರಣೆಯನ್ನು ಒಪ್ಪುವುದಿಲ್ಲ. ಆದರೆ ಜ್ವರ ಬಂದವರಿಗೆ ಹೋಳಿಗೆ ಬೇಡ, ಗಂಜಿ ಕೊಡಿ ಎಂಬುದರಲ್ಲಿ ಯಾರಿಗೂ ಜಗಳ ಇಲ್ಲ.

ಮೊದಲು ಜ್ವರ ಯಾವುದೆಂದು ನೋಡಿ

ಬೇರೆ ಊರಿನವರಿಗೆ ಇದನ್ನು ಕೊನೆಯಲ್ಲಿ ಹೇಳಿದರೂ ನಡೆದೀತು. ನಮ್ಮ ಕಡೆಯವರಿಗೆ ಮೊದಲೇ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಈ ಜ್ವರದ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ತಲೆ ಸಿಡಿಯುತ್ತದೆ, ಮೈಕೈ ಮುರಿದಂತೆ ನೋಯುತ್ತದೆ. ಜೊತೆಗೆ ವಾಂತಿ, ಭೇದಿಯೂ ಆಗಬಹುದು. ಅಂದರೆ "ಹೊಟ್ಟೆ ಕೆಟ್ಟು ಜ್ವರ ಬಂದಿದೆ" ಎಂದು ನಾವು ಸುಮ್ನೆ ಶುಂಠಿ ಕುದಿಸುವ ಲಕ್ಷಣವೇ ಇದಕ್ಕೂ ಇರಬಹುದು.

ಮಳೆಗಾಲದಲ್ಲಿ ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಗದ್ದೆ, ತೋಟದ ಕೆಸರಿನಲ್ಲಿ ನಿಲ್ಲುವವರಿಗೆ ಅಪಾಯ ಜಾಸ್ತಿ. ಮೀನಖಂಡ ನೋಯುತ್ತದೆ, ಕಣ್ಣು ಕೆಂಪಾಗುತ್ತದೆ. ಬೇಗ ಗೊತ್ತಾದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರ್‌ಗೆ ಹೋಗುತ್ತದೆ. ಇವುಗಳ ಜೊತೆ ಡೆಂಗಿ ಇದೆ, ಟೈಫಾಯ್ಡ್ ಇದೆ. ಇವುಗಳಲ್ಲಿ ಒಂದನ್ನೂ ಕಷಾಯ ವಾಸಿ ಮಾಡುವುದಿಲ್ಲ.

ಆದ್ದರಿಂದ ಕಾಡಿಗೆ ಹೋಗಿ ಬಂದವರಿಗೆ, ದರಗು (ಉದುರಿದ ಒಣ ಎಲೆ) ಗುಡಿಸಿದವರಿಗೆ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿರುವ ಊರಿನವರಿಗೆ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಉಳಿದವರು ಎರಡು ದಿನ ನೋಡಬಹುದು. ಮೂರನೇ ದಿನವೂ ಬಿಸಿ ಇದ್ದರೆ ರಕ್ತ ಪರೀಕ್ಷೆ. ಅಷ್ಟರೊಳಗೆ ಮೈ ಸುಡುತ್ತಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಅದರಿಂದ ಕಷಾಯದ ಮರ್ಯಾದೆಯೇನೂ ಹೋಗುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮಾತ್ರ ಬೇಡ. ಡೆಂಗಿಯೋ ಮಂಗನ ಕಾಯಿಲೆಯೋ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು.

ಇಷ್ಟು ದಾಟಿದ ಮೇಲೆ ಉಳಿಯುವುದು ಸಣ್ಣ ಪುಟ್ಟ ತೊಂದರೆಗಳು. ಮದುವೆಮನೆಯಲ್ಲಿ ಉಂಡದ್ದು ಜಾಸ್ತಿಯಾದದ್ದು, ನೀರು ಬದಲಾದದ್ದು, ಶೀತದ ಜೊತೆ ಬರುವ ಸಣ್ಣ ಜ್ವರ. ಕಷಾಯದ ಕೆಲಸ ಇಲ್ಲಿದೆ.

ಕಷಾಯದ ಪುಡಿ ಅಥವಾ ಕೊನ್ನಾರಿಗೆಡ್ಡೆ

ಮಲೆನಾಡಿನ ಮನೆಗಳಲ್ಲಿ ಡಬ್ಬಿಯಲ್ಲಿ ಸದಾ ಇರುವುದು ಕಷಾಯದ ಪುಡಿ. ಕೊತ್ತಂಬರಿ ಜಾಸ್ತಿ, ಅದರರ್ಧ ಜೀರಿಗೆ, ಸ್ವಲ್ಪ ಕಾಳುಮೆಣಸು, ಒಣಶುಂಠಿ, ಚಿಟಿಕೆ ಮೆಂತ್ಯ, ನಾಲ್ಕು ಏಲಕ್ಕಿ. ಅಳತೆ ಮನೆಗೊಂದು ಥರ. ಕೆಲವರು ಹಿಪ್ಪಲಿ ಹಾಕುತ್ತಾರೆ, ಕೆಲವರು ಜಾಯಿಕಾಯಿ ತುರಿಯುತ್ತಾರೆ. ಹೊಟ್ಟೆ ಭಾರ, ತೇಗು, ನಾಲಿಗೆಗೆ ರುಚಿಯಿಲ್ಲ, ಶೀತ ಶುರುವಾಗಿದೆ ಎಂಬಲ್ಲಿ ಇದೇ ಸಾಕು. ದಿನಾ ಕುಡಿದರೂ ಅಪಾಯ ಕಡಿಮೆ, ಏಕೆಂದರೆ ಇದರಲ್ಲಿರುವುದೆಲ್ಲ ಸಾರಿಗೆ ಹಾಕುವ ವಸ್ತುವೇ.

ಆದರೆ ನಾವು ಇದನ್ನು ಮದ್ದಿನ ಹೆಸರಿನಲ್ಲಿ ಕಾಫಿ ಮಾಡಿಬಿಟ್ಟಿದ್ದೇವೆ. ಹಾಲು, ಬೆಲ್ಲ ಹಾಕಿ ದೊಡ್ಡ ಲೋಟದ ತುಂಬ. ರುಚಿಗೆ ಅಡ್ಡಿಯಿಲ್ಲ. ಭೇದಿ ಆಗುತ್ತಿರುವವರಿಗೆ ಮಾತ್ರ ಹಾಲೂ ಬೇಡ, ಜಾಸ್ತಿ ಬೆಲ್ಲವೂ ಬೇಡ. ನೀರಲ್ಲೇ ಕುದಿಸಿ ಚಿಟಿಕೆ ಉಪ್ಪು ಹಾಕಿ ಕೊಡಿ. ಎದೆ ಉರಿ, ಹುಳಿತೇಗು ಇರುವವರಿಗೆ ಮೆಣಸು, ಶುಂಠಿ ಬಿಟ್ಟು ಕೊತ್ತಂಬರಿ, ಜೀರಿಗೆ ಅಷ್ಟೇ.

ಹೊಟ್ಟೆ ಕೆಟ್ಟಿದೆ, ಜೊತೆಗೆ ಸಣ್ಣ ಜ್ವರ, ಬಾಯಾರಿಕೆ. ಇಂಥಲ್ಲಿ ನನ್ನ ಓಟು ಕೊನ್ನಾರಿಗೆಡ್ಡೆಗೆ. ಭದ್ರಮುಷ್ಟಿ ಅಂತಲೂ ಕರೆಯುತ್ತಾರೆ, ಸಂಸ್ಕೃತದಲ್ಲಿ ಮುಸ್ತಾ. ರೈತರಿಗೆ ಇದು ಪೀಡೆ. ಎಷ್ಟು ಕಿತ್ತರೂ ಮತ್ತೆ ಏಳುವ ಕಳೆ. ಆದರೆ ಹಸಿವು ಹುಟ್ಟಿಸುವುದು, ಪಚನ ಮಾಡಿಸುವುದು, ಭೇದಿ ಹಿಡಿಯುವುದು ಈ ಮೂರನ್ನೂ ಒಟ್ಟಿಗೆ ಮಾಡುವ ವಸ್ತುಗಳಲ್ಲಿ ಚರಕ ಮೊದಲ ಜಾಗ ಕೊಟ್ಟಿರುವುದು ಇದಕ್ಕೇ. ಜ್ವರದ ಬಾಯಾರಿಕೆಗೆ ಹೇಳಿದ ಷಡಂಗ ಪಾನೀಯದಲ್ಲೂ ಇದಿದೆ: ಕೊನ್ನಾರಿ, ಪರ್ಪಾಟಕ, ಲಾವಂಚ, ಶ್ರೀಗಂಧ, ಬಾಳದ ಬೇರು, ಶುಂಠಿ. ಈ ಆರನ್ನು ನೀರಿಗೆ ಹಾಕಿ ಅರ್ಧಕ್ಕೆ ಇಳಿಸಿ, ಆರಿಸಿ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುವುದು ಕ್ರಮ. ಆರೂ ಒಟ್ಟಿಗೆ ಸಿಗುವುದು ಕಷ್ಟ. ಗೆಡ್ಡೆ ಮತ್ತು ಶುಂಠಿ ಎರಡೇ ಇದ್ದರೂ ನಡೆಯುತ್ತದೆ. ಒಂದು ಚಮಚ ಜಜ್ಜಿದ ಗೆಡ್ಡೆ, ಅರ್ಧ ಚಮಚ ಶುಂಠಿ, ಎರಡು ಲೋಟ ನೀರು. ಅರ್ಧ ಲೋಟಕ್ಕೆ ಇಳಿಸಿ, ಎರಡು ಹೊತ್ತಿಗೆ ಹಂಚಿ ಕುಡಿಯಿರಿ. ಸ್ವಲ್ಪ ಕಹಿ, ಸ್ವಲ್ಪ ಪರಿಮಳ. ಅಮೃತಬಳ್ಳಿಯ ಮುಂದೆ ಇದು ಕಹಿಯೇ ಅಲ್ಲ.

ಇದರ ದೋಷ ಎಂದರೆ ಮಲ ಕಟ್ಟುತ್ತದೆ. ಮಲಬದ್ಧತೆ ಇರುವವರಿಗೆ ಬೇಡ. ಅವರು ರಾತ್ರಿ ತ್ರಿಫಲಾ ಚೂರ್ಣ ಬಿಸಿನೀರಿಗೆ ಹಾಕಿಕೊಂಡರೆ ಸಾಕು.

ಅಮೃತಬಳ್ಳಿಗೆ ಸಿಕ್ಕಿದ ಹೆಸರು

ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೆ ಬಂದ ಬೇಡಿಕೆ ನೆನಪಿರಬಹುದು. ಬೇಲಿ ಮೇಲೆ ಯಾರೂ ಮೂಸದ ಬಳ್ಳಿ ರಾತ್ರೋರಾತ್ರಿ ಮಾಯವಾಗುತ್ತಿತ್ತು. ಗುಣ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರ, ಜ್ವರ ಬಿಟ್ಟ ಮೇಲಿನ ನಿತ್ರಾಣ, ಬಾಯಿ ಕಹಿ, ಇವಕ್ಕೆ ವೈದ್ಯರು ಮೊದಲಿಂದಲೂ ಕೊಡುತ್ತಾ ಬಂದಿದ್ದಾರೆ. ನನ್ನ ತಕರಾರು ಇರುವುದು ದಿನಾ ಬೆಳಿಗ್ಗೆ, ತಿಂಗಳುಗಟ್ಟಲೆ, ಯಾರನ್ನೂ ಕೇಳದೆ ಕುಡಿಯುವುದಕ್ಕೆ.

2021ರಲ್ಲಿ ಮುಂಬೈನ ವೈದ್ಯರು ಹೀಗೆ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಊತ ಕಂಡದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯೊಂದಿಗೆ ಗೊಂದಲವಾಗಿರಬಹುದು ಎಂದಿತು. ಚರ್ಚೆ ಏನೇ ಇರಲಿ, ಕಾಮಾಲೆ ಆದವರು, ಲಿವರ್ ತೊಂದರೆ ಇರುವವರು, ಥೈರಾಯ್ಡ್‌ನಿಂದ ಹಿಡಿದು ಸಂಧಿವಾತದವರೆಗೆ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಥರದ ಕಾಯಿಲೆ ಇರುವವರು ಇದರಿಂದ ದೂರ ಇರಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇನ್ನೂ ಇಳಿಯಬಹುದು. ಉಳಿದವರಿಗೂ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬೇಕಾದರೆ ಅದು ವೈದ್ಯರ ಮಾತು.

ಬಳ್ಳಿ ಗುರುತಿಸುವುದು ಕಷ್ಟವಲ್ಲ. ಎಲೆ ಹೃದಯದ ಆಕಾರ, ನುಣುಪು. ಮೇಲಿನ ಸಿಪ್ಪೆ ಕಾಗದದಂತೆ ಸುಲಿದು ಬರುತ್ತದೆ. ಅಡ್ಡ ಕೊಯ್ದರೆ ಒಳಗೆ ಚಕ್ರದ ಅರಗಳಂಥ ಗೆರೆ. ದಾರದಂಥ ಬಿಳಲು ಕೆಳಗೆ ಇಳಿಬಿದ್ದಿರುತ್ತದೆ. ಕಾಂಡದ ತುಂಬ ಮೊಡವೆಯಂಥ ಗಂಟುಗಳಿದ್ದರೆ ಮುಟ್ಟಬೇಡಿ, ಅದು ಆ ಇನ್ನೊಂದು ಬಳ್ಳಿ ಇರಬಹುದು. ಬೇಕಾದದ್ದು ಹೆಬ್ಬೆರಳು ದಪ್ಪದ ಕಾಂಡ, ಎಲೆಯಲ್ಲ.

ಇಲ್ಲಿ ಇನ್ನೊಂದು ವಿಷಯ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಮೈಲುತುತ್ತ ಮತ್ತು ಸುಣ್ಣ. ಮರದ ಗೊನೆಗೆ ಹೊಡೆದದ್ದು ಕೆಳಗಿನ ಎಲ್ಲದರ ಮೇಲೂ ಬೀಳುತ್ತದೆ. ಹಾಲುವಾಣದ ಮೇಲೆ ಹಬ್ಬಿದ ಅಮೃತಬಳ್ಳಿ, ಕಾಲುವೆ ಬದಿಯ ಒಂದೆಲಗ, ಯಾವುದನ್ನೂ ಅದು ಬಿಡುವುದಿಲ್ಲ. ಕಳೆನಾಶಕ ಹೊಡೆದ ತೋಟದ ಕೊನ್ನಾರಿಗೆಡ್ಡೆಯ ಕಥೆ ಇನ್ನೂ ಕೆಟ್ಟದ್ದು. ಮದ್ದಿನ ಗಿಡಕ್ಕೆ ತೋಟದಿಂದ ದೂರ, ಬಚ್ಚಲ ನೀರೂ ತಾಗದ ಒಂದು ಮೂಲೆ ಇಟ್ಟುಕೊಳ್ಳಿ. ಹಾಗೆ ಬೆಳೆಸಿದ್ದೇ ಬಳಸಿ.

ಅಮೃತಬಳ್ಳಿಯ ಬದಲು ನೆಲಬೇವು ಕುಡಿಯಬಹುದಾ ಅಂತ ಕೇಳುವವರು ಬಹಳ. ಜ್ವರಕ್ಕೆ ಅದೂ ಹಳೆಯ ಮದ್ದೇ. ತಮಿಳುನಾಡಿನಲ್ಲಿ ಅದರ ಕಷಾಯವನ್ನು ಡೆಂಗಿ ಕಾಲದಲ್ಲಿ ಸರ್ಕಾರವೇ ಹಂಚಿದ್ದುಂಟು. ಆದರೆ ಖಾಲಿ ಹೊಟ್ಟೆಗೆ ಕುಡಿದರೆ ಹಲವರಿಗೆ ವಾಕರಿಕೆ ಬರುತ್ತದೆ. ಮೊದಲೇ ಹೊಟ್ಟೆ ಕೆಟ್ಟವರಿಗೆ ಅದು ಬೇಕಾ? ಗರ್ಭಿಣಿಯರಿಗಂತೂ ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಡ.

ಭೇದಿಗೆ ಕೊಡಸಿಗೆ, ಅದಕ್ಕೂ ಮೊದಲು ಉಪ್ಪು ಸಕ್ಕರೆ ನೀರು

ಭೇದಿ ಶುರುವಾದರೆ ಮೊದಲ ಮದ್ದು ಯಾವ ಗಿಡದಲ್ಲೂ ಇಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಓಆರ್‌ಎಸ್ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಕುಚ್ಚಲಕ್ಕಿ ಗಂಜಿಯ ತೆಳಿಗೆ ಉಪ್ಪು ಹಾಕಿ ಕೊಡುವ ನಮ್ಮ ಪದ್ಧತಿಯೂ ಇದೇ ದಾರಿಯದು. ಭೇದಿಯಲ್ಲಿ ಜೀವ ತೆಗೆಯುವುದು ನೀರು ಕಳೆದುಕೊಳ್ಳುವುದೇ.

ಗಿಡದ ಮದ್ದಿಗೆ ಬಂದರೆ ಕೊಡಸಿಗೆಯನ್ನು ಮೀರಿಸುವುದಿಲ್ಲ. ಸಂಸ್ಕೃತದ ಕುಟಜ ಇದೇ. ಆಮಶಂಕೆಗೆ, ಅಂದರೆ ನುಲಿತ, ಲೋಳೆ ಇರುವ ಭೇದಿಗೆ, ಇದರ ತೊಗಟೆಯ ಕಷಾಯ ಹೆಸರುವಾಸಿ. ಬಿಳಿ ಹೂವನ್ನು ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟು ಮಳೆಗಾಲದಲ್ಲಿ ತಂಬುಳಿ ಮಾಡುವ ಮನೆಗಳು ಸಾಗರ, ಹೊಸನಗರದ ಕಡೆ ಈಗಲೂ ಇವೆ. ತೊಗಟೆಗೂ ಹೂವಿಗೂ ನಡುವೆ ನೀವೇ ಆರಿಸುವುದಾದರೆ ಹೂವನ್ನೇ ಆರಿಸಿ. ತುಪ್ಪದಲ್ಲಿ ಹುರಿದು, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಸೇರಿಸಿದರೆ ಆಯಿತು. ತೊಗಟೆ ಜೋರು ಮದ್ದು, ಅದನ್ನು ವೈದ್ಯರಿಗೆ ಬಿಡಿ. ಗುರುತು ತಪ್ಪುವ ಭಯವೂ ಇದೆ: ಹಾಲೆ ಮರದ ತೊಗಟೆಯನ್ನು ಕುಟಜ ಅಂತ ಮಾರುವುದುಂಟು. ಕೊಡಸಿಗೆ ತೊಗಟೆ ಚೆನ್ನಾಗಿ ಕಹಿ ಇರುತ್ತದೆ.

ಕೊಡಸಿಗೆ ಇಲ್ಲದಿದ್ದರೆ ದಾಳಿಂಬೆ ಕುಡಿ ಅಥವಾ ಸಿಪ್ಪೆಯ ತಂಬುಳಿ. ಬರೀ ಅಜೀರ್ಣಕ್ಕೆ ದೊಡ್ಡಪತ್ರೆ ತಂಬುಳಿ ಸಾಕು. ಆದರೆ ಮೈ ಬಿಸಿ ಇರುವಾಗ ಮಜ್ಜಿಗೆಯ ಯಾವ ಅಡುಗೆಯೂ ಬೇಡ ಅನ್ನುತ್ತದೆ ಆಯುರ್ವೇದ. ಜ್ವರ ಇಳಿದ ಮೇಲೆ ಮಾಡಿ.

ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗುವಿನ ಕಣ್ಣು ಗುಳಿಬಿದ್ದರೆ ತಂಬುಳಿ ರುಬ್ಬುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ.

ಗ್ಯಾಸು, ಉರಿ

ಗ್ಯಾಸಿಗೆ ಹಿಂಗ್ವಾಷ್ಟಕ ಚೂರ್ಣ. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಜೀರಿಗೆ, ಕರಿಜೀರಿಗೆ, ಸೈಂಧವ ಉಪ್ಪು. ಊಟದ ಮೊದಲ ತುತ್ತಿಗೆ ತುಪ್ಪದ ಜೊತೆ ಕಲಸಿ ತಿನ್ನುವುದು ಶಾಸ್ತ್ರ. ಊಟ ಆದ ಮೇಲೆ ನೀರಿಗೆ ಹಾಕಿ ಕುಡಿಯುವುದು ನಮ್ಮ ಸೋಮಾರಿತನ. ಬಿಪಿ ಇರುವವರು ಉಪ್ಪು ಇದೆ ಎಂಬುದನ್ನು ಮರೆಯಬೇಡಿ. ಉರಿಗೆ ಇದು ವಿರುದ್ಧ. ಉರಿಗೆ ಕೊತ್ತಂಬರಿ ನೆನೆಸಿದ ನೀರು, ಎಳನೀರು. ಮುರುಗಲು ಸಿಪ್ಪೆಯ ತಿಳಿಸಾರು ಪಿತ್ತಕ್ಕೆ ಒಳ್ಳೆಯದು ಅಂತ ನಮ್ಮಲ್ಲಿ ಮಾಡುತ್ತಾರೆ. ಹುಳಿಗೇ ಉರಿ ಜಾಸ್ತಿಯಾಗುವವರಿಗೆ ಅದೂ ಆಗುವುದಿಲ್ಲ.

ಐವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆ ಒತ್ತಿದಂತಾಗಿ ಬೆವರು ಬಂದರೆ ಅದನ್ನು ಗ್ಯಾಸ್ ಅಂತ ತೀರ್ಮಾನ ಮಾಡಬೇಡಿ. ಆಗುಂಬೆ, ಕಾರ್ಗಲ್ ಕಡೆಯಿಂದ ಶಿವಮೊಗ್ಗಕ್ಕೆ ಬರಲು ಬೇಕಾಗುವ ಹೊತ್ತು ಎಷ್ಟು ಅಂತ ಗೊತ್ತಲ್ಲ. ಇಂಗು ತಿಂದು ಕಾಯುವಷ್ಟು ಸಮಯ ಇರುವುದಿಲ್ಲ.

ಬಾಟಲಿ ಕೊಳ್ಳುವವರಿಗೆ

ಎಲ್ಲರಿಗೂ ಬೇರು ಕುಟ್ಟುತ್ತಾ ಕೂರಲು ಪುರುಸೊತ್ತಿಲ್ಲ. ಅಂಗಡಿಯ ಅರಿಷ್ಟಗಳಲ್ಲಿ ಲೆಕ್ಕ ಸುಲಭ. ಅಜೀರ್ಣಕ್ಕೆ ಮುಸ್ತಕಾರಿಷ್ಟ, ಬಾಣಂತಿಯರ ಹೊಟ್ಟೆಗೆ ಜೀರಕಾರಿಷ್ಟ, ಆಮಶಂಕೆಗೆ ಕುಟಜಾರಿಷ್ಟ, ಜ್ವರದ ನಂತರಕ್ಕೆ ಅಮೃತಾರಿಷ್ಟ. ಊಟದ ನಂತರ ಅಷ್ಟೇ ನೀರು ಬೆರೆಸಿ ಕುಡಿಯುವುದು. ಅರಿಷ್ಟ ಅಂದರೆ ಬೆಲ್ಲ ಹಾಕಿ ಹುಳಿ ಬರಿಸಿದ್ದು. ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಆಲ್ಕೋಹಾಲ್ ತಾನಾಗಿಯೇ ಹುಟ್ಟಿರುತ್ತದೆ. ಬೆಲ್ಲವೂ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಕುಡಿತ ಬಿಟ್ಟವರಿಗೆ, ಮಕ್ಕಳಿಗೆ ಕಷಾಯವೇ ಮೇಲು. ಬಾಣಂತಿಯರೂ ವೈದ್ಯರನ್ನು ಕೇಳಿಯೇ ಬಾಟಲಿ ತೆರೆಯಿರಿ.

ಮಾತ್ರೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತ್ರಿಭುವನಕೀರ್ತಿ ರಸ, ಆನಂದಭೈರವ ರಸ ಅಂತ ಜ್ವರಕ್ಕೆ, ಭೇದಿಗೆ ಸಿಗುವ ಮಾತ್ರೆಗಳಿವೆ. ಎರಡರಲ್ಲೂ ಪಾದರಸದ ಅದಿರಾದ ಇಂಗಳೀಕವೂ ವತ್ಸನಾಭಿ ಎಂಬ ವಿಷದ ಬೇರೂ ಶುದ್ಧಿಯಾಗಿ ಸೇರಿರುತ್ತವೆ. ವೈದ್ಯರು ಅಳತೆ ನೋಡಿ ಕೊಡುವ ಮದ್ದು ಅದು. "ಆಯುರ್ವೇದ ತಾನೇ, ಏನೂ ಆಗಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹೆಸರಿನ ಕೊನೆಗೆ ರಸ ಅಂತ ಇದ್ದರೆ ಚೀಟಿ ಇಲ್ಲದೆ ಕೊಳ್ಳಬೇಡಿ.

ಆರು ತಿಂಗಳೊಳಗಿನ ಮಗುವಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಇನ್ನೂ ನಡೆದಿದೆ. ಅಜ್ಜಿಯರಿಗೆ ಬೇಸರವಾದರೂ ಹೇಳುತ್ತೇನೆ, ಬೇಡ. ಆ ವಯಸ್ಸಿಗೆ ತಾಯಿಯ ಹಾಲು ಒಂದೇ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಒಂದು ಹೊತ್ತೂ ಕಾಯಬಾರದು.

ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ನನ್ನ ಪಟ್ಟಿ ಚಿಕ್ಕದು. ಕಷಾಯದ ಪುಡಿ, ಒಣಗಿಸಿದ ಕೊನ್ನಾರಿಗೆಡ್ಡೆ, ಒಣಶುಂಠಿ, ಸಿಕ್ಕರೆ ಒಂದು ಮುಷ್ಟಿ ಕೊಡಸಿಗೆ ಹೂ, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಥರ್ಮಾಮೀಟರ್. ಬೇರು ಗೆಡ್ಡೆಯ ಕಷಾಯಕ್ಕೆ ಹಳೆಯ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಅಳತೆ ಹದಿನಾರು ಪಾಲು ನೀರು, ಎಂಟನೇ ಒಂದು ಪಾಲಿಗೆ ಇಳಿಸುವುದು, ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ. ಮೇಲೆ ನಾನು ಹೇಳಿದ್ದು ಅದಕ್ಕಿಂತ ತೆಳು, ಮನೆಬಳಕೆಗೆ ಅಷ್ಟು ಸಾಕು. ಮಾಡಿದ ದಿನವೇ ಕುಡಿದು ಮುಗಿಸಿ, ಮಳೆಗಾಲದಲ್ಲಿ ಮರುದಿನಕ್ಕೆ ಹಳಸುತ್ತದೆ. ವೈದ್ಯರ ಹತ್ತಿರ ಹೋದಾಗ ಏನೇನು ಕುಡಿದಿರಿ ಅಂತ ಮುಚ್ಚಿಡದೆ ಹೇಳಿ.

ಗೆಡ್ಡೆ ಕೀಳಲು ಜಾಗವಿಲ್ಲದ ಪೇಟೆಯವರಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಗ್ರಂಥಿಗೆ ಅಂಗಡಿಗಳಿವೆ. ಅಲ್ಲಿ ಪುಡಿ ಕೊಳ್ಳಬೇಡಿ, ಪುಡಿಯಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇಡೀ ಗೆಡ್ಡೆ ಕೇಳಿ, ಒಂದನ್ನು ಮುರಿದು ಮೂಸಿ. ಪರಿಮಳ ಇಲ್ಲದಿದ್ದರೆ ಹಳೆಯ ಸರಕು, ಮುಂದಿನ ಅಂಗಡಿ ನೋಡಿ.